ಕೇಳುವ ಬಾಯಿ ಉಳಿಯಬೇಕು

2024ರ ಮೇ 7, ಹಾವೇರಿ ಜಿಲ್ಲೆಯ ನಮ್ಮೂರಿನಲ್ಲಿ ಲೋಕಸಭೆ ಚುನಾವಣೆಯ ಮತದಾನ. ನಾನು ಬೆಂಗಳೂರಿನಲ್ಲಿ ಪಿ.ಜಿ.ಯಲ್ಲಿದ್ದುಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೆ. ಬಸ್ ಚಾರ್ಜು, ಎರಡು ದಿನದ ಓದು ಎರಡೂ ದಂಡ ಅನ್ನಿಸಿ, ‘ಈ ಸಲ ಬರಲ್ಲ’ ಎಂದು ಅವ್ವನಿಗೆ ಫೋನ್ ಮಾಡಿದೆ. ಅವಳು ಬೈಯಲಿಲ್ಲ. ‘ನಿನ್ನ ಇಷ್ಟಪಾ. ಆಮ್ಯಾಲೆ ಸರ್ಕಾರ ನೌಕರಿ ಕರೆಯವಲ್ದು ಅಂತ ನನ್ನ ಮುಂದ ಗೊಣಗಬ್ಯಾಡ’ ಎಂದಳು. ಮರುದಿನ ರಾತ್ರಿ ಬಸ್ ಹತ್ತಿದೆ.

ಅವ್ವ ಓದಿದ್ದು ನಾಲ್ಕನೇ ತರಗತಿ. ಚುನಾವಣೆ ಹೊತ್ತಿಗೆ ಬಾಗಿಲಿಗೆ ಬಂದ ನೋಟು, ಸೀರೆಯನ್ನು ಅವಳು ಮುಟ್ಟಿದ್ದನ್ನು ನಾನು ಕಂಡಿಲ್ಲ. ‘ರೊಕ್ಕ ತಗೊಂಡ್ರ, ನಾಳೆ ನಳಕ್ಕ ನೀರ ಬರವಲ್ದು ಅಂತ ಯಾವ ಬಾಯಿಲೆ ಕೇಳೂದು?’ ಎನ್ನುತ್ತಿದ್ದಳು. ಗ್ರಾಮಸಭೆಯಲ್ಲಿ ಎದ್ದು ನಿಂತು ಹಾಗೆ ಕೇಳಿಯೂ ಬರುತ್ತಿದ್ದಳು. ಹೈಸ್ಕೂಲಿನಲ್ಲಿದ್ದ ನನಗೆ ಆಗ ನಾಚಿಕೆಯಾಗುತ್ತಿತ್ತು.

ಸಂವಿಧಾನದ 61ನೇ ತಿದ್ದುಪಡಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು ಎಂದು ನಾವೆಲ್ಲ ಒಂದು ಅಂಕಕ್ಕಾಗಿ ಬಾಯಿಪಾಠ ಮಾಡುತ್ತೇವೆ. ಆ ಹಕ್ಕನ್ನು ಬಳಸಲು ಮಾತ್ರ ನಮಗೆ ಪುರುಸೊತ್ತಿಲ್ಲ. ನೇಮಕಾತಿ ತಡವಾಯಿತು, ಪ್ರಶ್ನೆಪತ್ರಿಕೆ ಸೋರಿತು ಎಂದು ಸಿಟ್ಟಾಗುವ ನಾವೇ ಮತದಾನದ ರಜೆಯಲ್ಲಿ ಪ್ರವಾಸ ಹೊರಡುತ್ತೇವೆ.

ಊರಿಗೆ ಹೋಗಲು ಆಗದಿದ್ದರೆ ಅದಕ್ಕೂ ದಾರಿಯಿದೆ. ವಾಸ ಬದಲಾಗಿದ್ದರೆ ನಮೂನೆ 8, ಹೊಸದಾಗಿ ಹೆಸರು ಸೇರಿಸಲು ನಮೂನೆ 6, ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಚುನಾವಣೆ ಘೋಷಣೆಯಾಗುವ ತನಕ ಕಾಯಬೇಡಿ.

ಓಟು ಹಾಕಿದ ಮಾತ್ರಕ್ಕೆ ನನಗೆ ನೌಕರಿ ಸಿಕ್ಕಿಲ್ಲ. ಆದರೆ ಯಾಕೆ ಸಿಕ್ಕಿಲ್ಲ ಎಂದು ಕೇಳುವ ಬಾಯಿ ಉಳಿದಿದೆ. ಅದು ಅವ್ವ ಕೊಟ್ಟದ್ದು.