ಒಂದೇ ಆಟ, ಎರಡು ಗಡಿಯಾರ

ವಿಲಾಯತಿಯ ಚೆಂಡಾಟದ ಕಾಯಿದೆ ನಮಗೇಕೆ ಎಂದು ಕೆಲವು ಮಿತ್ರರು ಕೇಳಿಯಾರು. ಗುಂಪುಗೂಡಿದ ಬಡವನನ್ನು ಆಳುವವರು ಯಾವ ಕಣ್ಣಿನಿಂದ ನೋಡುತ್ತಾರೆಂಬುದನ್ನು ಆ ಕಾಯಿದೆಯ ವ್ಯಾಖ್ಯೆಗಳಷ್ಟು ನಿಚ್ಚಳವಾಗಿ ಹೇಳುವ ಕಾಗದ ನಾವು ಬೇರೆ ಕಂಡಿಲ್ಲ.

ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ 1989ರ ಫುಟ್‌ಬಾಲ್ ಪ್ರೇಕ್ಷಕರ ಕಾಯಿದೆಯಲ್ಲಿ ‘ನಿಯಂತ್ರಿತ ಪಂದ್ಯ’ ಎಂಬ ಮಾತಿದೆ. ಯಾವುದು ನಿಯಂತ್ರಿತ? ಮಂತ್ರಿ ಆಜ್ಞೆ ಹೊರಡಿಸಿ ಗೊತ್ತುಪಡಿಸಿದ್ದೇ ನಿಯಂತ್ರಿತ. ದೊಡ್ಡ ಲೀಗುಗಳ ಕ್ಲಬ್ಬುಗಳು, ರಾಷ್ಟ್ರೀಯ ತಂಡಗಳು ಆಡುವ ಪಂದ್ಯ ಅದರೊಳಗೆ ಬರುತ್ತದೆ. ಪಂದ್ಯವೆಂದರೆ ತೊಂಬತ್ತು ನಿಮಿಷವೆಂದು ತಿಳಿದವನು ಮಾತ್ರ ಕೆಟ್ಟ! ಕೆಲವು ಅಪರಾಧಗಳ ಮಟ್ಟಿಗೆ ಆಟ ಶುರುವಾಗುವ 24 ಗಂಟೆ ಮೊದಲಿನಿಂದ ಮುಗಿದ 24 ಗಂಟೆಯವರೆಗೂ ಪಂದ್ಯದ ಕಾಲವೇ. ದಾರಿಯ ಪ್ರಯಾಣವೂ ಸೇರುತ್ತದೆ. 2000ದ ತಿದ್ದುಪಡಿಯ ನಂತರ, ಯಾವ ಅಪರಾಧವೂ ರುಜುವಾತಾಗದವನ ಮೇಲೂ ಪೋಲೀಸು ಅಧಿಕಾರಿ ದೂರು ಕೊಟ್ಟು, ನ್ಯಾಯಾಲಯ ಒಪ್ಪಿದರೆ, ಮೂರರಿಂದ ಐದು ವರ್ಷ ಮೈದಾನದಿಂದ ಬಹಿಷ್ಕಾರ ಹಾಕಬಹುದು.

ಪುಂಡರನ್ನು ತಡೆಯಬಾರದೆಂದು ನಾವು ವಾದಿಸುತ್ತಿಲ್ಲ. 1985ರಲ್ಲಿ ಬ್ರಸೆಲ್ಸಿನ ಹೇಸೆಲ್‌ನಲ್ಲಿ 39 ಜನ ಸತ್ತದ್ದು ನಮಗೆ ಗೊತ್ತು. ಆದರೆ ಅದೇ ವರ್ಷ ಬಂದ ಮದ್ಯ ನಿಯಂತ್ರಣದ ಕಾಯಿದೆಯನ್ನು ನೋಡಿ. ಸಾಮಾನ್ಯ ಪ್ರೇಕ್ಷಕ ಆಟ ಕಾಣುವ ಜಾಗದಲ್ಲಿ ಮದ್ಯ ಹಿಡಿದರೆ ತಪ್ಪು. ನಿಷೇಧ ಆಟಕ್ಕೆ ಎರಡು ಗಂಟೆ ಮೊದಲೇ ಆರಂಭ, ಮುಗಿದು ಒಂದು ಗಂಟೆಯವರೆಗೆ ಜಾರಿ. ಸಾರ್ವಜನಿಕರಿಗೆ ಪ್ರವೇಶವಿಲ್ಲದ, ಕಂಪನಿ ಸಾಹುಕಾರರು ಕೂರುವ ಗಾಜಿನ ಕೋಣೆಗಳಿಗೋ? 1986ರಲ್ಲಿ ತಿದ್ದುಪಡಿ ತಂದು ಅದನ್ನು ಮೊದಲು ಹದಿನೈದು ನಿಮಿಷ, ಆಮೇಲೆ ಹದಿನೈದು ನಿಮಿಷಕ್ಕೆ ಇಳಿಸಿದರು. ರಗ್ಬಿ, ಕ್ರಿಕೆಟ್ಟುಗಳಿಗೆ ಆ ಕಾಯಿದೆಯೇ ಇಲ್ಲ. ಮದ್ಯದಲ್ಲೂ ಜಾತಿ ಉಂಟೇ ಎಂದು ಆ ಶಾಸಕರನ್ನು ಕೇಳಬೇಕು.

ಪ್ರೇಕ್ಷಕರ ಮಸೂದೆ ಪಾರ್ಲಿಮೆಂಟಿಗೆ ಬಂದದ್ದು 1989ರ ಜನವರಿಯಲ್ಲಿ. ಪ್ರತಿಯೊಬ್ಬ ಪ್ರೇಕ್ಷಕನೂ ಗುರುತಿನ ಚೀಟಿ ಹಿಡಿದು ಬರಬೇಕೆಂಬುದು ಶ್ರೀಮತಿ ಥ್ಯಾಚರ್ ಸರ್ಕಾರದ ಹಟ. ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋದಲ್ಲಿ ಕಬ್ಬಿಣದ ಬೇಲಿಗೆ ಒತ್ತಿ ಜನ ಸತ್ತರು. ಒಟ್ಟು ಬಲಿ 97. ಹೊರಗಿನ ನೂಕುನುಗ್ಗಲಿಗೆ ದೊಡ್ಡ ಗೇಟನ್ನು ತೆರೆಸಿದ್ದು ಪೋಲೀಸು. ತುಂಬಿ ತುಳುಕುತ್ತಿದ್ದ ಅಂಕಣಕ್ಕೆ ಹೋಗುವ ಸುರಂಗವನ್ನು ಮುಚ್ಚಿಸದೆ ಬಿಟ್ಟದ್ದೂ ಪೋಲೀಸು. ಆದರೂ ಕುಡುಕ ಪ್ರೇಕ್ಷಕರದೇ ತಪ್ಪೆಂದು ಪತ್ರಿಕೆಗಳಲ್ಲಿ ಬರೆಸಿದರು. ಪ್ರೇಕ್ಷಕರ ತಪ್ಪಿಲ್ಲ, ಇವು ಕಾನೂನುಬಾಹಿರ ಹತ್ಯೆಗಳು ಎಂದು ಜ್ಯೂರಿ ಹೇಳಲು 2016 ಬರಬೇಕಾಯಿತು. ಸತ್ತವರ ತಾಯಂದಿರು ಇಪ್ಪತ್ತೇಳು ವರ್ಷ ಬಾಗಿಲು ಬಾಗಿಲು ತಟ್ಟಿದರು. ಗುರುತಿನ ಚೀಟಿಯ ಯೋಜನೆ ಮಾತ್ರ, 1990ರಲ್ಲಿ ನ್ಯಾಯಮೂರ್ತಿ ಟೇಲರ್ ವಿರೋಧಿಸಿದ ಮೇಲೆ, ಜಾರಿಗೇ ಬರಲಿಲ್ಲ.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಆಮೇಲೆ ನಮ್ಮ ಸರ್ಕಾರವೂ ಜನಸಂದಣಿ ನಿಯಂತ್ರಣದ ಮಸೂದೆ ರಚಿಸಿತು. ಇಂಥ ಕಾಯಿದೆ ಯಾವುದೇ ಬರಲಿ, ನಮ್ಮ ಶಾಖೆಗಳು ಮೊದಲು ಅದರ ವ್ಯಾಖ್ಯೆಯ ಕಲಮನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಬೇಕು. ಲಕ್ಷಗಟ್ಟಲೆ ಹಣದ ಟಿಕೆಟಿನ ಆಟಕ್ಕೂ ಬೀಡಿ ಕಾರ್ಮಿಕರ ಮೆರವಣಿಗೆಗೂ ಒಂದೇ ಹಗ್ಗ ಹಾಕಿದ್ದಾರೆಯೇ? ಎಷ್ಟು ಜನಕ್ಕೆ ಎಷ್ಟು ಗೇಟು, ಅದರ ಬೀಗದ ಕೈ ಯಾರ ಬಳಿ, ಮುಚ್ಚಿದ ಗೇಟಿಗೆ ಹೊಣೆ ಯಾರು ಎಂದು ಬರೆದಿದ್ದಾರೆಯೇ? ಬರೆದಿಲ್ಲವಾದರೆ ತಮ್ಮ ಕ್ಷೇತ್ರದ ಶಾಸಕರನ್ನು ಊರಿಗೆ ಕರೆಸಿ ಕೇಳಬೇಕು.