ಕೇಳಿದ್ದೆಲ್ಲ ಸುಧಾರಣೆಯೆ?

ಈಚಿನ ಕೆಲವು ವರ್ಷಗಳಿಂದ ನಮ್ಮ ವಿದ್ಯಾರ್ಥಿಗಳಲ್ಲಿ ಒಂದು ಹವ್ಯಾಸವು ಕಾಣಿಸಿಕೊಂಡಿದೆ. ಅಟ್ಟದಲ್ಲಿ ಧೂಳು ಹಿಡಿದು ಕುಳಿತಿದ್ದ ಅಜ್ಜನ ಕಾಲದ ರೆಕಾರ್ಡು ಪ್ಲೇಯರನ್ನೋ, ತಂದೆಯ ಕಾಲದ ಸಿ.ಡಿ. ಪ್ಲೇಯರನ್ನೋ ಕೆಳಗಿಳಿಸಿ, ಒರೆಸಿ, ಮತ್ತೆ ಹಾಡಿಸುವ ಹವ್ಯಾಸವದು. ಇದು ಸಂತೋಷದ ವಿಷಯ. ತಟ್ಟೆ ತಿರುಗತೊಡಗಿದ ಮೇಲೆ ಅವರು ನಮ್ಮ ಬಳಿಗೆ ಬಂದು ಕೇಳುವ ಪ್ರಶ್ನೆಯೂ ಸಹಜವಾದುದೇ: "ಸಾರ್, ಹೆಚ್ಚು ಖರ್ಚಿಲ್ಲದೆ ಇದರ ಧ್ವನಿಯನ್ನು ಉತ್ತಮಪಡಿಸುವುದು ಹೇಗೆ?" ಅವರು ಬರುವ ಹೊತ್ತಿಗೆ ಹಲವು ಸಲಹೆಗಳು ಅವರ ಕಿವಿಗೆ ಬಿದ್ದಿರುತ್ತವೆ. ಯಂತ್ರದ ಕಾಲುಗಳ ಕೆಳಗೆ ರಬ್ಬರಿನ ತುಂಡುಗಳನ್ನಿಡು ಎಂದು ಒಬ್ಬರು, ಸಿ.ಡಿ.ಯ ಅಂಚಿಗೆ ಹಸಿರು ಮಸಿ ಬಳಿ ಎಂದು ಇನ್ನೊಬ್ಬರು. ತಟ್ಟೆಯನ್ನು ಒಂದು ರಾತ್ರಿ ಶೀತಪೆಟ್ಟಿಗೆಯಲ್ಲಿಡು ಎಂದು ಮತ್ತೊಬ್ಬರು.

ಈ ಸಲಹೆಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಪಟ್ಟಿ ಮಾಡಿಕೊಡುವುದು ನಮಗೆ ಕಷ್ಟವಲ್ಲ. ಆದರೆ ಪಟ್ಟಿಯಿಂದ ವಿದ್ಯಾರ್ಥಿಗೆ ದೊರೆಯುವ ಲಾಭವು ಅಲ್ಪ. ಯಾವ ಮಾರ್ಪಾಡನ್ನೇ ಆಗಲಿ, ಅದು ಯಂತ್ರದ ಯಾವ ಭಾಗದಲ್ಲಿ, ಯಾವ ಕಾರಣದಿಂದ ಕೆಲಸ ಮಾಡಬಲ್ಲದೆಂದು ಮೊದಲು ಕೇಳಬೇಕು. ಮಾಡಿದ ಮೇಲೆ ನಿಜವಾಗಿ ಮಾಡಿತೇ ಎಂದು ಪರೀಕ್ಷಿಸಬೇಕು. ಈ ಎರಡು ಪ್ರಶ್ನೆಗಳಿಲ್ಲದ ಸುಧಾರಣೆಯು ಹಣದ ವ್ಯಯ ಮಾತ್ರವಲ್ಲ, ಬುದ್ಧಿಗೆ ಒಂದು ಕೆಟ್ಟ ಅಭ್ಯಾಸ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಹಳೆಯ ರೆಕಾರ್ಡನ್ನು ತೆಗೆದುಕೊಳ್ಳೋಣ. 1948ರಲ್ಲಿ ಬಳಕೆಗೆ ಬಂದ, ನಿಮಿಷಕ್ಕೆ 33⅓ ಸುತ್ತು ತಿರುಗುವ ಲಾಂಗ್ ಪ್ಲೇ ತಟ್ಟೆಯಲ್ಲಿ ಧ್ವನಿಯು ಒಂದು ಸುರುಳಿ ಕಾಲುವೆಯ ಅಂಕುಡೊಂಕಾಗಿ ಕೊರೆಯಲ್ಪಟ್ಟಿರುತ್ತದೆ. ಮುಳ್ಳು ಆ ಕಾಲುವೆಯಲ್ಲಿ ಸಾಗುತ್ತ ಅಲುಗುತ್ತದೆ. ಆ ಅಲುಗಾಟವೇ ವಿದ್ಯುತ್ ಸಂಕೇತವಾಗುತ್ತದೆ. ಅಂದಮೇಲೆ ಮುಳ್ಳಿಗೆ ಸಂಗೀತದ ಕಂಪನವೂ ಒಂದೇ, ಮೇಜಿನ ಕಂಪನವೂ ಒಂದೇ. ಕೋಣೆಯಲ್ಲಿ ಯಾರೋ ನಡೆದಾಡಿದ ಹೆಜ್ಜೆಯ ಅದುರು ಮುಳ್ಳನ್ನು ಮುಟ್ಟಿತೆಂದರೆ ಅದೂ ಸ್ಪೀಕರಿನಿಂದ ಹೊರಬರುತ್ತದೆ. ಇಲ್ಲಿ ಯಂತ್ರಭಾಗದ ಪ್ರತಿಯೊಂದು ದೋಷವೂ ಧ್ವನಿಯ ದೋಷವೇ. ಆದುದರಿಂದಲೇ ಇಲ್ಲಿ ಅಗ್ಗದ ಸುಧಾರಣೆಗಳಿಗೆ ನಿಜವಾದ ಅವಕಾಶವಿದೆ.

ವೇಗವನ್ನೇ ನೋಡಿ. ಒಂದು ವೃತ್ತಾಕಾರದ ಕಾಗದವನ್ನು ಕತ್ತರಿಸಿ, ಕೋನಮಾಪಕದ ಸಹಾಯದಿಂದ ಎರಡೆರಡು ಡಿಗ್ರಿಗೆ ಒಂದರಂತೆ ಅಂಚಿನಲ್ಲಿ 180 ಕಪ್ಪು ಗೆರೆಗಳನ್ನು ಎಳೆಯಿರಿ. ಅದನ್ನು ತಿರುಗುವ ತಟ್ಟೆಯ ಮೇಲಿರಿಸಿ, ಚೋಕ್ ಇರುವ ಹಳೆಯ ಟ್ಯೂಬ್‌ಲೈಟಿನ ಬೆಳಕಿನಲ್ಲಿ ನೋಡಿರಿ. ನಮ್ಮ ಮನೆಯ ವಿದ್ಯುತ್ತಿನ ಆವೃತ್ತಿಯು ಸೆಕೆಂಡಿಗೆ 50. ಆದುದರಿಂದ ಆ ದೀಪವು ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಿಮಿಷಕ್ಕೆ 33⅓ ಸುತ್ತು ತಿರುಗುವ ತಟ್ಟೆಯಲ್ಲಿ ಸೆಕೆಂಡಿಗೆ ಸರಿಯಾಗಿ 100 ಗೆರೆಗಳು ಹಾದುಹೋಗುತ್ತವೆ. ವೇಗ ಸರಿಯಿದ್ದರೆ ಗೆರೆಗಳು ನಿಂತಂತೆಯೇ ಕಾಣುತ್ತವೆ. ತಟ್ಟೆ ತಿರುಗುವ ದಿಕ್ಕಿಗೇ ಅವು ಸೆಕೆಂಡಿಗೆ ಒಂದು ಗೆರೆಯಷ್ಟು ಜರುಗಿದರೆ ವೇಗವು ನೂರಕ್ಕೆ ಒಂದು ಪಾಲು ಹೆಚ್ಚು. ಹಿಂದಕ್ಕೆ ಜರುಗಿದರೆ ಅಷ್ಟೇ ಕಡಿಮೆ. ಒಂದು ಹಾಳೆ ಕಾಗದಕ್ಕೆ ಇದಕ್ಕಿಂತ ಉತ್ತಮವಾದ ಉಪಯೋಗ ಯಾವುದು? ವೇಗ ಕಡಿಮೆಯೆಂದು ಕಂಡರೆ, ಪಟ್ಟಿಯಿಂದ ತಿರುಗುವ ಯಂತ್ರವಾದಲ್ಲಿ, ಹಳೆಯ ರಬ್ಬರು ಪಟ್ಟಿ ಸಡಿಲವಾಗಿದೆಯೇ ಎಂದು ಮೊದಲು ನೋಡಿರಿ.

ಇನ್ನು ಮುಳ್ಳಿನ ಭಾರ. ಅನೇಕ ಕಾರ್ಟ್ರಿಡ್ಜುಗಳಿಗೆ ತಯಾರಕರು ಸೂಚಿಸುವ ಭಾರವು ಒಂದೂವರೆಯಿಂದ ಎರಡು ಗ್ರಾಮಿನಷ್ಟು. ಇದು ಅಲ್ಪವೆಂದು ತೋರಬಹುದು. ಮುಳ್ಳು ಕಾಲುವೆಯನ್ನು ಮುಟ್ಟುವ ಜಾಗವು 100 ಚದರ ಮೈಕ್ರೋಮೀಟರಿನಷ್ಟಿದೆ ಎಂದು ಭಾವಿಸಿ, ಎರಡು ಗ್ರಾಮಿನ ಭಾರವನ್ನು ಅದರಿಂದ ಭಾಗಿಸಿ ನೋಡಿ: ಒತ್ತಡವು ವಾಯುಮಂಡಲದ ಒತ್ತಡದ ಸುಮಾರು ಎರಡು ಸಾವಿರದಷ್ಟಾಗುತ್ತದೆ! ಭಾರ ಹೆಚ್ಚಾದರೆ ಕಾಲುವೆ ಸವೆಯುವುದು ಸರಿಯಷ್ಟೆ. ಆದರೆ ತಟ್ಟೆ ಉಳಿಯಲೆಂದು ಭಾರವನ್ನು ತೀರ ಇಳಿಸಿದರೆ ಮುಳ್ಳು ಕಾಲುವೆಯ ಗೋಡೆಗಳ ಮಧ್ಯೆ ಕುಪ್ಪಳಿಸಿ, ಧ್ವನಿಯನ್ನು ಒಡೆಯುವುದಲ್ಲದೆ ತಟ್ಟೆಯನ್ನೂ ಕೆಡಿಸುತ್ತದೆ. ಚಿನ್ನ ತೂಗುವಂಥ ಸಣ್ಣ ತಕ್ಕಡಿಯೊಂದು ಇಲ್ಲಿ ಊಹೆಯ ಬದಲು ಅಳತೆಯನ್ನು ತಂದುಕೊಡುತ್ತದೆ. ಯಂತ್ರವನ್ನು ಮಟ್ಟಸವಾಗಿ ನಿಲ್ಲಿಸಲು ಗಾರೆಯವರ ರಸಮಟ್ಟವೇ ಸಾಕು.

ರಬ್ಬರಿನ ತುಂಡುಗಳ ವಿಷಯವು ಇವುಗಳಿಗಿಂತ ಸ್ವಾರಸ್ಯವಾದುದು. ಯಂತ್ರದ ಭಾರದಿಂದ ರಬ್ಬರು ಎಷ್ಟು ಕುಗ್ಗುವುದೋ ಅದರಿಂದಲೇ ಆ ವ್ಯವಸ್ಥೆಯ ಸ್ವಾಭಾವಿಕ ಆವೃತ್ತಿಯನ್ನು ಸ್ಥೂಲವಾಗಿ ತಿಳಿಯಬಹುದು. ಒಂದು ಸೆಂಟಿಮೀಟರ್ ಕುಗ್ಗಿದರೆ ಅದು ಸೆಕೆಂಡಿಗೆ 5; ಒಂದು ಮಿಲಿಮೀಟರ್ ಕುಗ್ಗಿದರೆ ಸುಮಾರು 16. ಈ ಆವೃತ್ತಿಯ 1.4 ಪಟ್ಟಿಗಿಂತ ಮೇಲಿನ ಕಂಪನಗಳನ್ನು ಮಾತ್ರ ರಬ್ಬರು ತಡೆಯಬಲ್ಲದು. ಅದರ ಸಮೀಪದ ಕಂಪನಗಳನ್ನು ತಡೆಯುವ ಬದಲು ಹೆಚ್ಚಿಸುತ್ತದೆ. ರೆಕಾರ್ಡು ಪ್ಲೇಯರಿನ ತೋಳಿಗೂ ತನ್ನದೇ ಆದ ಅನುರಣನವೊಂದಿದ್ದು, ಅದು ಸಾಮಾನ್ಯವಾಗಿ ಸೆಕೆಂಡಿಗೆ 10ರ ಆಸುಪಾಸಿನಲ್ಲಿರುತ್ತದೆ. ಎರಡೂವರೆ ಮಿಲಿಮೀಟರ್ ಕುಗ್ಗುವ ರಬ್ಬರನ್ನು ತಂದಿಟ್ಟರೆ ಅದರ ಆವೃತ್ತಿಯೂ 10! ಉಪಕಾರಕ್ಕೆಂದು ಇಟ್ಟದ್ದು ಅಪಕಾರವಾದೀತು. ತುಸುವೇ ಗಾಳಿ ತುಂಬಿದ ಹಳೆಯ ಸೈಕಲ್ ಟ್ಯೂಬಿನ ಮೇಲೆ ಹಲಗೆಯನ್ನಿಟ್ಟು, ಅದರ ಮೇಲೆ ಯಂತ್ರವನ್ನಿಟ್ಟರೆ ಕುಗ್ಗುವಿಕೆ ಹೆಚ್ಚಾಗಿ, ಸಾಮಾನ್ಯವಾಗಿ ಇದಕ್ಕಿಂತ ಉತ್ತಮ ಫಲ ದೊರೆಯುತ್ತದೆ. ನೋಡಿ, ಸೂತ್ರವನ್ನು ತಿಳಿದವನಿಗೆ ಪಂಕ್ಚರ್ ಅಂಗಡಿಯೇ ಉಪಕರಣಗಳ ಅಂಗಡಿ.

ಇದೇ ರಬ್ಬರನ್ನು ಸಿ.ಡಿ. ಪ್ಲೇಯರಿನ ಕೆಳಗಿಟ್ಟರೆ ಏನಾಗುವುದು? ನಮ್ಮ ಉತ್ತರ: ಹೇಳಿಕೊಳ್ಳುವಂಥದು ಏನೂ ಆಗದು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಇರುವುದು ಧ್ವನಿಯ ಆಕಾರವಲ್ಲ, ಸಂಖ್ಯೆಗಳು. ಎಡಬಲ ಎರಡು ವಾಹಿನಿಗಳಲ್ಲಿ ಪ್ರತಿಯೊಂದಕ್ಕೂ ಸೆಕೆಂಡಿಗೆ 44,100 ಸಂಖ್ಯೆಗಳು. ಅವುಗಳನ್ನು ಓದುವುದು 780 ನ್ಯಾನೊಮೀಟರ್ ತರಂಗಾಂತರದ ಅವಕೆಂಪು ಲೇಸರ್ ಕಿರಣ. ಹೀಗೆ ಓದಿದ ಸಂಖ್ಯೆಗಳು ಮೊದಲು ಒಂದು ಸ್ಮೃತಿಕೋಶದಲ್ಲಿ ತಂಗಿ, ಆಮೇಲೆ ಸ್ಫಟಿಕ ಗಡಿಯಾರವೊಂದರ ತಾಳಕ್ಕೆ ತಕ್ಕಂತೆ ಹೊರಬರುತ್ತವೆ. ತಟ್ಟೆ ತುಸು ಅಲುಗಿದರೂ ತಾಳ ತಪ್ಪುವುದಿಲ್ಲ. ಕೆಲವು ಸಂಖ್ಯೆಗಳು ಓದಲು ಸಿಕ್ಕದಿದ್ದರೂ ಚಿಂತೆಯಿಲ್ಲ. ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲಮನ್ ಎಂಬ ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ಸಂಕೇತಪದ್ಧತಿಯನ್ನು ಆಧರಿಸಿದ ತಿದ್ದುಪಡಿಯ ವ್ಯವಸ್ಥೆ ಇದರಲ್ಲಿದೆ. ಓದುವ ಪಥದಲ್ಲಿ ಸುಮಾರು ಎರಡೂವರೆ ಮಿಲಿಮೀಟರ್ ಉದ್ದದ ತುಣುಕು ಅಳಿಸಿಹೋದರೂ ಅದು ಮೂಲ ಸಂಖ್ಯೆಗಳನ್ನು ಲೆಕ್ಕ ಹಾಕಿ ಮರಳಿ ಪಡೆಯುತ್ತದೆ. ಹಾಡು ಹಾರುವಷ್ಟು ಬಲವಾಗಿ ಯಂತ್ರವನ್ನು ಕುಲುಕಿದರೆ ಆ ಮಾತು ಬೇರೆ. ಹಾಡು ಹಾರದಿದ್ದಲ್ಲಿ, ಸಂಖ್ಯೆಗಳು ಸರಿಯಾಗಿ ತಲುಪಿವೆ ಎಂದಾದಲ್ಲಿ, ಅವುಗಳನ್ನು ಇನ್ನಷ್ಟು ಸರಿಯಾಗಿ ತಲುಪಿಸುವುದು ಹೇಗೆ? ಏಳು ಎಂಬುದು ಏಳೇ. ರಬ್ಬರಿನ ಮೇಲೆ ಕುಳಿತರೆ ಅದು ಹೆಚ್ಚು ಮಧುರವಾದ ಏಳು ಆಗುವುದಿಲ್ಲ.

ಇದನ್ನು ಇಷ್ಟು ಬಿಗಿಯಾಗಿ ಹೇಳುವ ನಾವೂ ಒಮ್ಮೆ ಮೋಸಹೋದವರೇ. ಸಿ.ಡಿ.ಯ ಅಂಚಿಗೆ ಹಸಿರು ಮಸಿ ಬಳಿದರೆ ಧ್ವನಿ ಸುಧಾರಿಸುವುದೆಂಬ ನಂಬಿಕೆಯು 1990ರ ಸುಮಾರಿಗೆ ವಿದೇಶದ ಸಂಗೀತಾಸಕ್ತರಲ್ಲಿ ಹಬ್ಬಿತ್ತು. ನಾವು ಎಂ.ಎಸ್‌ಸಿ. ಓದುತ್ತಿದ್ದಾಗ ಅದು ನಮ್ಮ ವಿದ್ಯಾರ್ಥಿನಿಲಯವನ್ನೂ ತಲುಪಿತು. ಒಂದೇ ಬಗೆಯ ಎರಡು ವೀಣಾವಾದನದ ಸಿ.ಡಿ.ಗಳಲ್ಲಿ ಒಂದಕ್ಕೆ ಬಳಿದೆವು, ಹಾಕಿ ಕೇಳಿದೆವು. ಏನು ಹೇಳೋಣ! ತಂತಿಯ ಮೀಟು ಬೇರೆಯಾಗಿ, ಗಮಕ ಬಿಡಿಸಿಟ್ಟಂತೆ ಕೇಳಿಸಿತು. ಕಿರಣವು ಕಣ್ಣಿಗೆ ಕಾಣದ ಅವಕೆಂಪೆಂಬುದನ್ನಾಗಲಿ, ಹಸಿರು ಮಸಿ ಆ ಕಿರಣವನ್ನು ಹೀರಬೇಕೆಂಬ ನಿಯಮವೇನೂ ಇಲ್ಲವೆಂಬುದನ್ನಾಗಲಿ ನಾವು ಆಗ ಯೋಚಿಸಲಿಲ್ಲ. ಕೊಠಡಿಯ ಗೆಳೆಯನೊಬ್ಬ ಮಾತ್ರ ನಗುತ್ತ, "ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹೇಳು ನೋಡೋಣ" ಎಂದ. ಅವನು ನಾಣ್ಯವನ್ನು ಚಿಮ್ಮಿ, ಬಿದ್ದ ಮುಖಕ್ಕೆ ತಕ್ಕಂತೆ ಒಂದು ತಟ್ಟೆಯನ್ನು ಹಾಕುತ್ತ ಹೋದ. ನಾವು ಹೇಳುತ್ತ ಹೋದೆವು. ಇಪ್ಪತ್ತರಲ್ಲಿ ಹನ್ನೊಂದು ಸರಿಯಾದವು. ಏನನ್ನೂ ಕೇಳದೆ ಬರಿಯ ನಾಣ್ಯ ಚಿಮ್ಮಿ ಉತ್ತರ ಹೇಳುವವನಿಗೂ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಸರಿಯುತ್ತರಗಳು ನೂರು ಪರೀಕ್ಷೆಗಳಲ್ಲಿ ಸುಮಾರು ನಲವತ್ತೊಂದು ಸಲ ಬಂದಾವು! ನಾಚಿಕೆಯಾಯಿತು. ಆದರೆ ಆ ಸಂಜೆ ಕಲಿತದ್ದನ್ನು ಯಾವ ಪಠ್ಯಪುಸ್ತಕವೂ ನಮಗೆ ಕಲಿಸಿರಲಿಲ್ಲ.

ಕಿವಿ ಸುಳ್ಳು ಹೇಳಿತೆ? ಇಲ್ಲ. ಕೇಳುವ ಕೆಲಸವನ್ನು ಕಿವಿಯೊಂದೇ ಮಾಡುವುದಿಲ್ಲ. ನಿರೀಕ್ಷೆಯೂ ಜೊತೆಯಲ್ಲಿ ಕುಳಿತು ಕೇಳುತ್ತದೆ. ಶ್ರಮಪಟ್ಟು ಮಾಡಿದ ಕೆಲಸವು ಫಲ ಕೊಡಲೆಂದು ಮನಸ್ಸು ಬಯಸುತ್ತದೆ; ಎರಡನೆಯ ಸಲ ಕೇಳುವಾಗ ಮೊದಲು ಗಮನಿಸದಿದ್ದುದನ್ನು ಗಮನಿಸಿ, ಅದನ್ನು ಹೊಸದೆಂದು ಎಣಿಸುತ್ತದೆ. ಇದಕ್ಕೆ ಮದ್ದು ಸುಲಭ. ಯಾವುದು ನುಡಿಯುತ್ತಿದೆ ಎಂಬುದು ಕೇಳುವವನಿಗೆ ತಿಳಿದಿರಬಾರದು. ಎರಡರ ಧ್ವನಿಮಟ್ಟವೂ ಒಂದೇ ಇರಬೇಕು. ಏಕೆಂದರೆ ತುಸು ಜೋರಾದುದನ್ನೇ ನಾವು ಉತ್ತಮವೆಂದು ಭಾವಿಸುತ್ತೇವೆ. ಕ್ರಮವನ್ನು ನಾಣ್ಯವು ನಿರ್ಧರಿಸಬೇಕು. ಇಪ್ಪತ್ತು ಸಲದಲ್ಲಿ ಹದಿನೈದೋ ಹೆಚ್ಚೋ ಸರಿಯಾದರೆ, ಅದು ಆಕಸ್ಮಿಕವಾಗಿ ನೂರರಲ್ಲಿ ಸುಮಾರು ಎರಡು ಸಲ ಮಾತ್ರ ಆಗುವಂಥದು; ಆಗ ವ್ಯತ್ಯಾಸವಿದೆಯೆಂದು ಗಂಭೀರವಾಗಿ ಯೋಚಿಸಬಹುದು.

"ಸಂಗೀತವು ಅನುಭವದ ವಿಷಯ, ಅದನ್ನು ನಾಣ್ಯ ಚಿಮ್ಮಿ ಅಳೆಯುವುದೆ?" ಎಂದು ಕೆಲವರು ಆಕ್ಷೇಪಿಸಬಹುದು. ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಒಬ್ಬರಿಗೆ ಹಳೆಯ ರೆಕಾರ್ಡಿನ ಚಟಪಟ ಸದ್ದೇ ಹಿತವೆನಿಸಿದರೆ ಅದನ್ನು ತಪ್ಪೆನ್ನಲು ನಾವಾರು? ಆದರೆ ರುಚಿಯ ಪ್ರಶ್ನೆಯೇ ಬೇರೆ, ವ್ಯತ್ಯಾಸವಿದೆಯೇ ಎಂಬ ಪ್ರಶ್ನೆಯೇ ಬೇರೆ. ಮೇಲಿನ ಪರೀಕ್ಷೆಯಲ್ಲಿ ನಾವು ಕಿವಿಯನ್ನು ಹೊರಗಟ್ಟಿಲ್ಲ. ಅದನ್ನೇ ನ್ಯಾಯಾಧೀಶನನ್ನಾಗಿ ಕೂರಿಸಿದ್ದೇವೆ. ಸಾಕ್ಷಿ ಹೇಳಲು ಕಣ್ಣನ್ನು ಬಿಟ್ಟಿಲ್ಲ, ಅಷ್ಟೆ.

ಹಾಗಾದರೆ ಸಿ.ಡಿ. ಪ್ಲೇಯರಿನವರು ಕೈಕಟ್ಟಿ ಕುಳಿತಿರಬೇಕೆ? ಬೇಕಿಲ್ಲ. ಸಂಖ್ಯೆಗಳು ವಿದ್ಯುತ್ ಸಂಕೇತವಾಗಿ ಮಾರ್ಪಟ್ಟ ಮೇಲಿನ ಹಾದಿಯಲ್ಲಿ ದೋಷಗಳು ಮತ್ತೆ ನುಸುಳಬಲ್ಲವು. ತುಕ್ಕು ಹಿಡಿದ ಜೋಡಣೆಗಳನ್ನು ಶುಚಿಮಾಡಿ. ಸ್ಪೀಕರುಗಳನ್ನು ಮೂಲೆಯಿಂದ ಈಚೆಗೆ ಸರಿಸಿ ನೋಡಿ. ಮಂದ್ರಸ್ವರಗಳ ಗುಡುಗು ಎಷ್ಟು ಇಳಿಯುವುದೆಂದು ನೀವೇ ಕೇಳುವಿರಿ. ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ. ತಟ್ಟೆಯನ್ನು ಒರೆಸುವಾಗಲೂ ಭೌತಶಾಸ್ತ್ರವನ್ನು ನೆನೆಯಿರಿ. ರೆಕಾರ್ಡನ್ನು ಕಾಲುವೆಯ ಗುಂಟ ವೃತ್ತಾಕಾರವಾಗಿ ಒರೆಸಬೇಕು, ಸಿ.ಡಿ.ಯನ್ನು ಕೇಂದ್ರದಿಂದ ಅಂಚಿಗೆ ನೇರವಾಗಿ ಒರೆಸಬೇಕು. ಏಕೆಂದರೆ ಪಥವನ್ನು ಅಡ್ಡ ಹಾಯುವ ಗೀರು ಪ್ರತಿ ಸುತ್ತಿನಲ್ಲೂ ಅಲ್ಪಭಾಗವನ್ನಷ್ಟೇ ಅಳಿಸುತ್ತದೆ, ತಿದ್ದುಪಡಿಯ ಗಣಿತವು ಅದನ್ನು ಸರಿಪಡಿಸುತ್ತದೆ; ಪಥದ ಗುಂಟ ಬಿದ್ದ ಉದ್ದ ಗೀರನ್ನು ಅದು ಸರಿಪಡಿಸಲಾರದು. ಒಂದು ಎಚ್ಚರಿಕೆ: ಯಂತ್ರದ ಮುಚ್ಚಳವನ್ನು ತೆರೆಯುವ ಆತುರ ಬೇಡ. ಒಳಗೆ 230 ವೋಲ್ಟಿನ ವಿದ್ಯುತ್ತಿದೆ. ಕಣ್ಣಿಗೆ ಹಾನಿ ಮಾಡಬಲ್ಲ, ಆದರೆ ಕಣ್ಣಿಗೆ ಕಾಣದ ಲೇಸರ್ ಇದೆ.

ಕೊನೆಯದಾಗಿ ಒಂದು ಮಾತು. ಪ್ರತಿ ವರ್ಷವೂ ನಾವು ವಿದ್ಯಾರ್ಥಿಗಳ ಪ್ರಯೋಗದ ಪುಸ್ತಕಗಳನ್ನು ತಿದ್ದುತ್ತೇವೆ. ಲೋಲಕದ ಪ್ರಯೋಗದಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಗುರುತ್ವ ವೇಗೋತ್ಕರ್ಷವು 980 ಎಂದೇ ಬಂದಿರುತ್ತದೆ. ಉತ್ತರವನ್ನು ಮೊದಲು ಬರೆದು, ವಾಚನಗಳನ್ನು ಅದಕ್ಕೆ ಹೊಂದಿಸಿರುತ್ತಾರೆಂದು ನಮಗೂ ಗೊತ್ತು, ಅವರಿಗೂ ಗೊತ್ತು. ಹಸಿರು ಮಸಿ ಬಳಿದು ವೀಣೆ ಸುಧಾರಿಸಿತೆಂದು ಕೇಳಿಸಿಕೊಂಡ ಮನಸ್ಸೂ ಮಾಡಿದ್ದು ಅದನ್ನೇ: ಉತ್ತರ ಮೊದಲು, ವಾಚನ ಆಮೇಲೆ. ಪ್ರಯೋಗಶಾಲೆಯಲ್ಲಿ ಅಂಕದ ಭಯವಿದೆ, ಮನೆಯಲ್ಲಿ ಅದಿಲ್ಲ. ಅಟ್ಟದಿಂದ ಇಳಿಸಿದ ಆ ಹಳೆಯ ಯಂತ್ರದ ಮುಂದೆ ಕುಳಿತಾಗಲಾದರೂ, ಬಂದ ವಾಚನವನ್ನು ಬಂದಂತೆಯೇ ಬರೆದಿಡುವ ಧೈರ್ಯವನ್ನು ನಮ್ಮ ತರುಣರು ಬೆಳೆಸಿಕೊಳ್ಳಲಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಕಣ್ಣಿನ ವಿಷಯದಲ್ಲಿ ಹೇಳಿದರು. ಕಿವಿಯ ವಿಷಯದಲ್ಲಿಯೂ ಆ ಗಾದೆ ಸಲ್ಲುತ್ತದೆ.