ಸ್ಪೈಕ್ ತಡೆಯುವುದು ಪೆಟ್ಟಿಗೆಯೋ, ವೈರಿಂಗೋ?

ಕಾರ್ಖಾನೆಯ ಲೈನಿನಲ್ಲಿ ವೋಲ್ಟೇಜ್ ಎರಡು ಬಗೆಯಲ್ಲಿ ಕೆಡುತ್ತದೆ. 230 ವೋಲ್ಟ್ ಇರಬೇಕಾದಲ್ಲಿ ಗಂಟೆಗಟ್ಟಲೆ 190ಕ್ಕೆ ಇಳಿದೋ 260ಕ್ಕೆ ಏರಿಯೋ ನಿಲ್ಲುವುದು ಒಂದು. ಕೆಲವೇ ಮೈಕ್ರೋಸೆಕೆಂಡ್ ಹೊತ್ತು ಸಾವಿರಾರು ವೋಲ್ಟಿಗೆ ಚಿಮ್ಮಿ ಅಡಗುವ ಸ್ಪೈಕ್ ಇನ್ನೊಂದು. ಸರ್ವೋ ಸ್ಟೆಬಿಲೈಜರ್ ಇರುವುದು ಮೊದಲನೆಯದಕ್ಕೆ. ಅದರ ಮೋಟಾರು ತಿರುಗತೊಡಗುವಷ್ಟರಲ್ಲಿ ಸ್ಪೈಕ್ ತನ್ನ ಕೆಲಸ ಮುಗಿಸಿರುತ್ತದೆ. ಎಂಸಿಬಿಯಂತೂ ಗಮನಿಸುವುದು ಕರೆಂಟನ್ನೇ ಹೊರತು ವೋಲ್ಟೇಜನ್ನಲ್ಲ. ಹಾಗಾಗಿ ಇವೆರಡೂ ಇದ್ದು ಪಿಎಲ್‌ಸಿ ಕಾರ್ಡ್ ಸುಟ್ಟಿತೆಂದರೆ ಅಚ್ಚರಿಪಡಬೇಕಿಲ್ಲ.

ಸುಟ್ಟಾಗ ಸಿಡಿಲಿನ ಮೇಲೆ ಗೂಬೆ ಕೂರಿಸುವುದು ರೂಢಿ. 11 ಕೆವಿ ಲೈನಿನ ಮೇಲೋ ಹತ್ತಿರದಲ್ಲೋ ಬಿದ್ದ ಸಿಡಿಲಿನ ಹೊಡೆತ ಟ್ರಾನ್ಸ್‌ಫಾರ್ಮರ್ ದಾಟಿ ಒಳಬರುವುದು ನಿಜ. ಆದರೆ ಅದು ಮಳೆಗಾಲದ ಆಸುಪಾಸಿನ ಕೆಲವು ದಿನಗಳ ಮಾತು. ವರ್ಷವಿಡೀ ಸಣ್ಣ ಸ್ಪೈಕ್‌ಗಳನ್ನು ಹುಟ್ಟಿಸುವುದು ಶೆಡ್ಡಿನೊಳಗಿನ ಕಾಂಟ್ಯಾಕ್ಟರ್, ಮೋಟಾರು, ವೆಲ್ಡಿಂಗ್ ಸೆಟ್, ಪವರ್ ಫ್ಯಾಕ್ಟರ್‌ಗೆಂದು ಕೂರಿಸಿದ ಕೆಪ್ಯಾಸಿಟರ್ ಬ್ಯಾಂಕ್. ಕಾಯಿಲಿನಲ್ಲಿ ಹರಿಯುತ್ತಿದ್ದ ಕರೆಂಟನ್ನು ಥಟ್ಟನೆ ಕಡಿದರೆ ಅದರ ಕಾಂತಕ್ಷೇತ್ರದಲ್ಲಿ ಕೂಡಿದ್ದ ಶಕ್ತಿ ವೋಲ್ಟೇಜಾಗಿ ಚಿಮ್ಮುತ್ತದೆ. 24 ವೋಲ್ಟಿನ ರಿಲೇ ಕೂಡ ನೂರಾರು ವೋಲ್ಟ್ ಎಬ್ಬಿಸಬಲ್ಲದು. ಪೀಣ್ಯದಂಥ ಕಡೆ ಹಳೆಯ ಪ್ರೆಸ್ಸೂ ಹೊಸ ಸಿಎನ್‌ಸಿಯೂ ಒಂದೇ ಪ್ಯಾನೆಲನ್ನು ಹಂಚಿಕೊಂಡ ಘಟಕಕ್ಕೆ ಇದು ನಿತ್ಯದ ಕಾಟ. ಅಗ್ಗದ ಮದ್ದೂ ಹುಟ್ಟುವ ಜಾಗದಲ್ಲೇ ಇದೆ: ಡಿಸಿ ಕಾಯಿಲಿಗೆ ಒಂದು ಡಯೋಡ್, ಎಸಿ ಕಾಯಿಲಿಗೆ ರೆಸಿಸ್ಟರ್, ಕೆಪ್ಯಾಸಿಟರ್ ಸೇರಿದ ಸ್ನಬ್ಬರ್. (ಡಯೋಡ್ ಹಾಕಿದ ರಿಲೇ ಆಫ್ ಆಗುವುದು ತುಸು ತಡ. ಬ್ರೇಕಿನ ಸರ್ಕ್ಯೂಟಿನಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯಬೇಕು.)

ಲೈನಿನಿಂದ ಬರುವುದಕ್ಕೆ ಸರ್ಜ್ ಪ್ರೊಟೆಕ್ಟರ್ ಬೇಕು. ಅದರೊಳಗೆ ಸಾಮಾನ್ಯವಾಗಿ ಇರುವುದು ಸತುವಿನ ಆಕ್ಸೈಡಿನ ವೇರಿಸ್ಟರ್. ಮಾಮೂಲಿ ವೋಲ್ಟೇಜಿನಲ್ಲಿ ಸುಮ್ಮನಿದ್ದು, ಮಿತಿ ಮೀರಿದೊಡನೆ ದಾರಿ ತೆರೆದು ಸರ್ಜನ್ನು ಅರ್ಥಿಗೆ ಹರಿಸುತ್ತದೆ. ಐಇಸಿ 61643-11 ಮಾನದಂಡದಲ್ಲಿ ಇವು ಮೂರು ಬಗೆ. ಟೈಪ್ 1 ಮುಖ್ಯ ಪ್ಯಾನೆಲಿಗೆ, ಟೈಪ್ 2 ಡಿಸ್ಟ್ರಿಬ್ಯೂಷನ್ ಬೋರ್ಡಿಗೆ, ಟೈಪ್ 3 ಯಂತ್ರದ ಪಕ್ಕಕ್ಕೆ. ಸಿಡಿಲಿನಷ್ಟು ಕರೆಂಟನ್ನೂ ತಾಳಿ, ಸೂಕ್ಷ್ಮ ಕಾರ್ಡಿಗೆ ಸಹ್ಯವಾಗುವಷ್ಟು ವೋಲ್ಟೇಜನ್ನೂ ಇಳಿಸುವುದು ಒಂದೇ ಪ್ರೊಟೆಕ್ಟರಿನಿಂದ ಆಗುವುದು ಕಷ್ಟ, ಹಂತಹಂತವಾಗಿಯೇ ಇಳಿಸಬೇಕು.

ಇಷ್ಟೆಲ್ಲ ಖರ್ಚು ನೀರುಪಾಲಾಗುವುದು ಜೋಡಣೆಯಲ್ಲಿ. ಒಂದು ಮೀಟರ್ ತಂತಿಯ ಇಂಡಕ್ಟನ್ಸ್ ಸುಮಾರು 1 ಮೈಕ್ರೋಹೆನ್ರಿ. 8 ಮೈಕ್ರೋಸೆಕೆಂಡಿನಲ್ಲಿ 10 ಸಾವಿರ ಆಂಪಿಯರಿಗೆ ಏರುವ ಸರ್ಜ್ ಆ ಒಂದು ಮೀಟರಿನಲ್ಲೇ ಸುಮಾರು 1250 ವೋಲ್ಟ್ ಎಬ್ಬಿಸುತ್ತದೆ. ಪ್ರೊಟೆಕ್ಟರ್ 1500 ವೋಲ್ಟಿಗೆ ತಡೆದರೂ ಯಂತ್ರ ಕಾಣುವುದು 2750. ಯಂತ್ರದ ತಾಳಿಕೆ 2500 ವೋಲ್ಟ್ ಆಗಿದ್ದರೆ ಪ್ರೊಟೆಕ್ಟರ್ ಇದ್ದೂ ಇಲ್ಲದಂತೆ. ಫೇಸಿನಿಂದ ಪ್ರೊಟೆಕ್ಟರಿಗೆ, ಅಲ್ಲಿಂದ ಅರ್ಥ್ ಬಾರಿಗೆ ಹೋಗುವ ತಂತಿ ಒಟ್ಟು ಅರ್ಧ ಮೀಟರ್ ಮೀರಬಾರದೆನ್ನುವುದು ಇದಕ್ಕೇ. ಪ್ಯಾನೆಲ್ ಅಂದವಾಗಿ ಕಾಣಲೆಂದು ಈ ತಂತಿಯನ್ನು ಸುತ್ತಿ ಬಳಸಿ ಒಯ್ಯುವುದು ಶುದ್ಧ ತಪ್ಪು.

ಸಿಎನ್‌ಸಿಗೆಂದೇ ಬೇರೆ ಗುಂಡಿ ತೋಡಿ, ಉಳಿದ ಅರ್ಥಿಗೆ ಸೇರಿಸದೆ ಬಿಡುವ ಪದ್ಧತಿಯೂ ಇಷ್ಟೇ ಅಪಾಯಕಾರಿ. ಸರ್ಜ್ ಬಂದಾಗ ಎರಡು ಗುಂಡಿಗಳ ನಡುವೆ ಏಳುವ ವೋಲ್ಟೇಜ್ ಯಂತ್ರದ ಮೈಮೇಲೆಯೇ ಬೀಳುತ್ತದೆ. ಬೇಸಿಗೆಯಲ್ಲಿ ಗುಂಡಿಗೆ ನೀರು ಹೊಯ್ದು ಓಮ್ ಇಳಿಸುವುದಕ್ಕಿಂತ ಎಲ್ಲ ಅರ್ಥುಗಳನ್ನೂ ಒಂದಕ್ಕೊಂದು ಬೆಸೆಯುವುದು ಮುಖ್ಯ.

ವೇರಿಸ್ಟರಿಗೂ ಆಯಸ್ಸಿದೆ, ಹೊಡೆತ ತಿನ್ನುತ್ತ ಸವೆಯುತ್ತದೆ. ನ್ಯೂಟ್ರಲ್ ಕಡಿದು 230ರ ಜಾಗದಲ್ಲಿ 400ರ ಹತ್ತಿರದ ವೋಲ್ಟೇಜ್ ಬಂದು ನಿಂತರೆ ಕಾದು ಹೊತ್ತಿಕೊಳ್ಳಲೂಬಹುದು. ಆದ್ದರಿಂದ ಒಳಗೆ ಥರ್ಮಲ್ ಡಿಸ್ಕನೆಕ್ಟ್, ಹಿಂದೆ ಸರಿಯಾದ ಫ್ಯೂಸ್, ಜೊತೆಗೆ ಓವರ್ ವೋಲ್ಟೇಜ್ ರಿಲೇ ಇರಲೇಬೇಕು. ಪ್ರೊಟೆಕ್ಟರ್ ಸತ್ತ ಮೇಲೂ ಯಂತ್ರ ಎಂದಿನಂತೆ ಓಡುವುದರಿಂದ, ಅದರ ಕಿಟಕಿಯ ಹಸಿರು ಕೆಂಪಾದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಅನೇಕ ಮಾದರಿಗಳಲ್ಲಿ ಇದನ್ನು ತಿಳಿಸಲೆಂದೇ ಒಂದು ಕಾಂಟ್ಯಾಕ್ಟ್ ಕೊಟ್ಟಿರುತ್ತಾರೆ. ಅದರಿಂದ ಎರಡು ವೈರ್ ಎಳೆದು ಪಿಎಲ್‌ಸಿಯ ಅಲಾರಂಗೆ ಜೋಡಿಸಿದರೆ, ಕಾರ್ಟ್ರಿಡ್ಜ್ ಬದಲಿಸುವ ದಿನ ತಾನಾಗಿ ಗೊತ್ತಾಗುತ್ತದೆ.